ಕೈಮರದ ಬಳಿ ಒಂದು ಮದರ್‌ಬೋರ್ಡು

ಮೈಸೂರಿನಿಂದ ಎಚ್.ಡಿ. ಕೋಟೆ ಕಡೆ ಹೊರಟ ಬಸ್ಸು ಸುಮಾರು 50 ಕಿ.ಮೀ. ಓಡಿ ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಹೆಸರು ಇಂಗ್ಲಿಷಿನದು, ವಸ್ತು ನಮಗೆ ಗೊತ್ತಿರುವುದೇ: ಕೈಮರ. ರಸ್ತೆ ಕವಲೊಡೆಯುವಲ್ಲಿ ಯಾವ ಊರು ಯಾವ ಕಡೆ ಎಂದು ತೋರಿಸುವ ಕಂಬ. ಇಲ್ಲಿಂದ ಒಂದು ದಾರಿ ಸರಗೂರಿಗೆ ಹೋದರೆ, ಇನ್ನೊಂದು ಕೋಟೆ ಪೇಟೆ, ಅಂತರಸಂತೆ ದಾಟಿ ಕಾಡಿನ ನಡುವೆ ಬಾವಲಿಗೆ, ಅಲ್ಲಿಂದಾಚೆ ಕೇರಳದ ವಯನಾಡಿಗೆ ಹೋಗುತ್ತದೆ. ಇಲ್ಲಿ ಕೂತು ಕಳೆದ ಚಳಿಗಾಲದಲ್ಲಿ ನಾನೊಂದು ಕಂಪ್ಯೂಟರ್ ಜೋಡಿಸಿದೆ.

ಜೋಡಿಸಬೇಕಾಗಿ ಬಂದದ್ದಕ್ಕೆ ಎರಡು ಕಾರಣ. ಕರೆಂಟಿನ ಏರಿಳಿತಕ್ಕೆ ನನ್ನ ಹಳೆಯ ಯಂತ್ರದ ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಅದು ಕಣ್ಣು ಮುಚ್ಚಿತ್ತು. ಅದೇ ಹೊತ್ತಿಗೆ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ಕ್ಕಿದ್ದ ಬೆಂಬಲವೂ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾಗಿರಬೇಕು. ನನ್ನದು ಮೂರನೇ ತಲೆಮಾರಿನ ಐ3, 2012ರ ಕಾಲದ್ದು. ಪ್ರೊಸೆಸರ್ ಚೆನ್ನಾಗಿದೆ, ರ್‍ಯಾಮ್ ಚೆನ್ನಾಗಿದೆ, ಆದರೂ ಲೆಕ್ಕದಲ್ಲಿ ಎಲ್ಲವೂ ಗುಜರಿ. ಬೋರ್ಡು ಮಾತ್ರ ಬದಲಿಸಿ ಲಿನಕ್ಸ್ ಹಾಕಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. "ಯಾವ ಬೋರ್ಡು ಕೊಡಲಿ?" ಎಂದು ಅಂಗಡಿಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದವನು 1981ಕ್ಕೆ ಹೋಗಿ ನಿಂತೆ.

ಆ ವರ್ಷದ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಬೇಗ ಮಾರುಕಟ್ಟೆಗೆ ಬರಬೇಕೆಂಬ ಆತುರದಲ್ಲಿ ಪ್ರೊಸೆಸರನ್ನು ಇಂಟೆಲ್‌ನಿಂದ, ಡಾಸನ್ನು ಮೈಕ್ರೋಸಾಫ್ಟ್‌ನಿಂದ ತಂದಿತ್ತು. ಬೋರ್ಡಿನ ಸರ್ಕ್ಯೂಟ್ ನಕ್ಷೆಯನ್ನೂ, ಯಂತ್ರವನ್ನು ಎಬ್ಬಿಸುವ ಬಯೋಸ್‌ನ ಸಾಲುಗಳನ್ನೂ ತಾಂತ್ರಿಕ ಕೈಪಿಡಿಯಲ್ಲೇ ಅಚ್ಚು ಹಾಕಿತು. ಬಯೋಸ್ ಮೇಲೆ ಕೃತಿಸ್ವಾಮ್ಯವಿತ್ತು, ನಕಲು ಮಾಡುವಂತಿರಲಿಲ್ಲ. ಕಾಂಪ್ಯಾಕ್ ಕಂಪನಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಅದು ಏನೇನು ಕೆಲಸ ಮಾಡುತ್ತದೆ ಎಂದು ಕೆಲವರು ಓದಿ ಬರೆದಿಟ್ಟರು. ಮೂಲವನ್ನು ನೋಡಿಯೇ ಇರದ ಬೇರೆ ಕೆಲವರು ಆ ಟಿಪ್ಪಣಿ ಇಟ್ಟುಕೊಂಡು ಹೊಸದಾಗಿ ಬರೆದರು. 1983ರ ಹೊತ್ತಿಗೆ ಐಬಿಎಂ ಅಲ್ಲದ, ಆದರೆ ಐಬಿಎಂ ತಂತ್ರಾಂಶಗಳನ್ನೆಲ್ಲ ಓಡಿಸುವ ಯಂತ್ರ ಮಾರಾಟಕ್ಕಿತ್ತು. 'ಕಂಪ್ಯಾಟಿಬಲ್' ಎಂಬ ಮಾತು ಮನೆಮಾತಾದದ್ದು ಹೀಗೆ. 1985ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಎಸ್. ಶಂಕರ್ ಮತ್ತು ಪ್ಯಾಟ್ ಶರ್ಮಾ ಎಂಬಿಬ್ಬರು ಭಾರತೀಯ ಮೂಲದವರು ಅಮೆರಿಕನ್ ಮೆಗಾಟ್ರೆಂಡ್ಸ್ ಶುರು ಮಾಡಿದರು. ಕಂಪ್ಯೂಟರ್ ಆನ್ ಮಾಡಿದಾಗ ಕಾಣುತ್ತಿದ್ದ 'ಎಎಂಐ' ಎಂಬ ಮೂರಕ್ಷರ ಅವರದೇ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಪ್ರಕಟಿಸಿದ ಮೇಲೆ ಯಾರದೋ ಬೋರ್ಡು ಇನ್ಯಾರದೋ ಪೆಟ್ಟಿಗೆಯಲ್ಲಿ ಕೂರತೊಡಗಿತು. ಬೆಂಗಳೂರಿನ ಎಸ್‌ಪಿ ರಸ್ತೆಯ ಅಸೆಂಬಲ್ ಮಾಡುವ ಅಂಗಡಿಗಳು ನಿಂತಿರುವುದು ಈ ಬುನಾದಿಯ ಮೇಲೆ.

ಬೋರ್ಡು ಪೆಟ್ಟಿಗೆಯಲ್ಲಿ ಕೂತರಾಯಿತೆ? ಅದರ ಮೇಲಿನ ಚಿಪ್ಪುಗಳೊಡನೆ ತಂತ್ರಾಂಶ ಮಾತಾಡಬೇಕು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬಿಡುಗಡೆ ಮಾಡಿದಾಗ ತಯಾರಕರು ಅದಕ್ಕೆಂದು ಡ್ರೈವರ್ ಬರೆದುಕೊಡುತ್ತಿರಲಿಲ್ಲ. ಚಿಪ್ಪಿನ ವಿವರ ಪ್ರಕಟವಾಗಿದ್ದರೆ ಯಾರಾದರೂ ಬರೆಯುತ್ತಿದ್ದರು, ಇಲ್ಲದಿದ್ದರೆ ಕತ್ತಲಲ್ಲಿ ತಡಕಾಟ. ನಮ್ಮಲ್ಲಿ 1990ರ ದಶಕದಲ್ಲಿ ಲಿನಕ್ಸ್ ಹಲವರ ಕೈಗೆ ಬಂದದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಸಿಡಿಗಳ ಮೂಲಕ. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನಕ್ಕೂ ಅವರೇ ಮುಂದಾಳು. ಆ ಕಾಲದ ದೊಡ್ಡ ಗೋಳು 'ವಿನ್‌ಮೋಡೆಮ್'. ಮೋಡೆಮ್ಮಿನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರಿಗೆ ವಹಿಸಿ ಅಗ್ಗ ಮಾಡಿದ್ದರು. ಲಿನಕ್ಸ್‌ನಲ್ಲಿ ಅದು ಬರೀ ತಗಡು.

ಕನ್ನಡದ ಕಷ್ಟ ಇದರ ಮೇಲೆ ಇನ್ನೊಂದು. ನುಡಿ, ಬರಹ ಎರಡೂ ವಿಂಡೋಸ್‌ಗೆಂದು ಬಂದವು. ಆಗಿನ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಗುರುತುಗಳ ರಾಶಿ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತಾದರೂ ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂರಿಸಲು ಇನ್ನೂ ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. ಲಿನಕ್ಸ್‌ಗೆ 2004ರಲ್ಲಿ ರೆಡ್ ಹ್ಯಾಟ್ 'ಲೋಹಿತ್' ಫಾಂಟುಗಳನ್ನು ಮುಕ್ತವಾಗಿ ಕೊಟ್ಟಿತು. ಅದೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಕೈಗಾತ್ರದ ಯಂತ್ರ ಮಾಡಿದರು. 2001ರಲ್ಲಿ ಜಗತ್ತಿಗೆ ತೋರಿಸಿದ ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸ್. ಬೋರ್ಡಿನ ವಿನ್ಯಾಸವನ್ನೂ ಬೇರೆಯವರು ಬಳಸಬಹುದಾದ ಪರವಾನಗಿಯಡಿ ತಂದರು. ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ತಂತ್ರಾಂಶ ಮುಕ್ತವಾದರೆ ಸಾಲದು, ಬೋರ್ಡೂ ಮುಕ್ತವಾಗಿರಬೇಕು ಎಂದು ಅವರು ಆಗಲೇ ಕಂಡಿದ್ದರು.

2012ರಲ್ಲಿ ವಿಂಡೋಸ್ 8 ಜೊತೆ 'ಸೆಕ್ಯೂರ್ ಬೂಟ್' ಬಂತು. ಬಯೋಸ್‌ನ ಜಾಗಕ್ಕೆ ಬಂದಿದ್ದ ಯುಇಎಫ್‌ಐ, ಸಹಿ ಇರುವ ತಂತ್ರಾಂಶವನ್ನಷ್ಟೇ ಒಳಗೆ ಬಿಡುತ್ತದೆ. ಕಳ್ಳ ತಂತ್ರಾಂಶ ತಡೆಯಲು ಅದು ಒಳ್ಳೆಯದೇ. ಆದರೆ ಬಾಗಿಲ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ ಎದ್ದಿತು. ಸಾಮಾನ್ಯ ಪಿಸಿಗಳಲ್ಲಿ ಮಾಲೀಕರು ಅದನ್ನು ಆಫ್ ಮಾಡಲು ಅವಕಾಶವಿರಬೇಕೆಂದು ಆಗ ನಿಯಮವಿತ್ತು. ವಿಂಡೋಸ್ 10ರ ಕಾಲಕ್ಕೆ ಆ ಅವಕಾಶ ಕೊಡುವುದು ಬಿಡುವುದು ತಯಾರಕರ ಇಷ್ಟವಾಯಿತು. ಲಿನಕ್ಸ್‌ನವರು ಸಹಿ ಪಡೆದ ಚಿಕ್ಕ ಕಾರ್ಯಕ್ರಮವೊಂದನ್ನು ಮುಂದಿಟ್ಟು ದಾರಿ ಮಾಡಿಕೊಂಡರು.

ಹ್ಯಾಂಡ್‌ಪೋಸ್ಟಿನ ಒಂದು ಕವಲು ಕೇರಳಕ್ಕೆ ಹೋಗುತ್ತದೆ ಎಂದೆನಲ್ಲ, ಈ ಕಥೆಯೂ ಅತ್ತ ಹೋಗುತ್ತದೆ. ಅಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳನ್ನು ಲಿನಕ್ಸ್‌ಗೆ ಒಯ್ದಿತು. 2017ರಿಂದ ಅದರ ಹೆಸರು ಕೈಟ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪುಸ್ತಕ ಓದಿ ಜಿಂಪ್‌ನಲ್ಲಿ ಚಿತ್ರ ತಿದ್ದುತ್ತಾರೆ, ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆಯುತ್ತಾರೆ. ಒಂದು ರಾಜ್ಯದ ಶಾಲೆಗಳೆಲ್ಲ ಲಿನಕ್ಸ್ ಬಳಸಿದರೆ ಯಂತ್ರ ಮಾರುವವರೂ ಅದಕ್ಕೆ ಹೊಂದುವ ಬೋರ್ಡನ್ನೇ ತರಬೇಕಾಗುತ್ತದೆ. ಅಲ್ಲಿ ಸರ್ಕಾರ ಮಾಡಿದ ಆಯ್ಕೆಯನ್ನು ಇಲ್ಲಿ ನಾನು ಒಬ್ಬನೇ ಅಂಗಡಿಯ ಮುಂದೆ ನಿಂತು ಮಾಡಬೇಕಿತ್ತು.

ನನ್ನ ಪ್ರೊಸೆಸರಿಗೆ ಬೇಕಾದದ್ದು 1155 ಸಾಕೆಟ್. ಅದಕ್ಕೆ ಸುಲಭವಾಗಿ ಸಿಗುವುದು 2011ರ ಎಚ್61 ಚಿಪ್‌ಸೆಟ್ಟಿನ ಬೋರ್ಡು. ನಮ್ಮ ದೇಶದಲ್ಲಿ ಅದು ಈಗಲೂ ಹೊಸದಾಗಿ ಮಾರಾಟಕ್ಕಿದೆ. ಎರಡನೇ ತಲೆಮಾರಿಗೆಂದು ಬಂದ ಹಳೆಯ ಎಚ್61 ಬೋರ್ಡುಗಳಲ್ಲಿ ಮೂರನೇ ತಲೆಮಾರಿನ ಪ್ರೊಸೆಸರ್ ಏಳಬೇಕಾದರೆ ಮೊದಲು ಬಯೋಸ್ ನವೀಕರಿಸಬೇಕು, ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಚ್ಚರ ಬೇಕು. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದೆ, ಅದರ ಲಿನಕ್ಸ್ ಡ್ರೈವರನ್ನು ಇಂಟೆಲ್ ಮುಕ್ತವಾಗಿ ಬರೆದುಕೊಟ್ಟಿದೆ. ಉಳಿದದ್ದು ನೆಟ್‌ವರ್ಕ್ ಮತ್ತು ಸದ್ದಿನ ಚಿಪ್ಪು.

ಪೆಟ್ಟಿಗೆಯ ಮೇಲಿನ ಬರಹವನ್ನು ನಂಬದೆ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಒಯ್ದಿದ್ದೆ. ಏನನ್ನೂ ಇನ್‌ಸ್ಟಾಲ್ ಮಾಡದೆ ಅಲ್ಲಿಂದಲೇ ಯಂತ್ರ ಎಬ್ಬಿಸಬಹುದು. ಯಾವ ಚಿಪ್ಪಿಗೆ ಯಾವ ಡ್ರೈವರ್ ಕೂತಿದೆ ಎಂದು ಒಂದೇ ಆಜ್ಞೆಯಲ್ಲಿ ಕಾಣುತ್ತದೆ. ಮೊದಲ ಬೋರ್ಡು ಪೆನ್‌ಡ್ರೈವನ್ನು ಗುರುತಿಸಲೇ ಇಲ್ಲ. ಅಂಗಡಿಯವರು ಬೇಸರಿಸದೆ ಇನ್ನೊಂದು ತೆಗೆದರು. ಅದರಲ್ಲಿ ರಿಯಲ್‌ಟೆಕ್‌ನ 8111 ನೆಟ್‌ವರ್ಕ್ ಚಿಪ್ಪಿತ್ತು, ಡ್ರೈವರ್ ತಾನಾಗಿ ಕೂತಿತು, ಸದ್ದೂ ಬಂತು. "ಇಷ್ಟು ಹಳೆಯದಕ್ಕೆ ಇಷ್ಟು ಪರೀಕ್ಷೆಯಾ?" ಎಂದು ಅವರು ನಕ್ಕರು.

ಹಳೆಯದಕ್ಕೇ ಈ ಪರೀಕ್ಷೆ ಬೇಕು. ಹೊಸದು ಕೈಕೊಟ್ಟರೆ ಬದಲಿಸಿಕೊಳ್ಳುವ ಶಕ್ತಿ ಇರುವವರಿಗೆ ಬೋರ್ಡಿನ ಆಯ್ಕೆ ಒಂದು ಹವ್ಯಾಸ. ನಮ್ಮಂಥ ಊರುಗಳಲ್ಲಿ ಹದಿಮೂರು ವರ್ಷದ ಯಂತ್ರವೇ ಮಗುವಿನ ಪಾಠ, ಪಹಣಿಯ ಪ್ರಿಂಟು, ಕೆಲಸದ ಅರ್ಜಿ. ಅದು ಯಾವಾಗ ಸಾಯಬೇಕೆಂದು ದೂರದಲ್ಲಿ ಯಾರೋ ದಿನಾಂಕ ಗೊತ್ತು ಮಾಡುತ್ತಾರೆ. ಆ ದಿನಾಂಕವನ್ನು ನಾವು ಮೀರಬಹುದೇ ಎಂಬುದು ಬೋರ್ಡಿನ ಮೇಲಿನ ಚಿಪ್ಪು ಮಾಡಿದವರು ಅದರ ಗುಟ್ಟನ್ನು ಹೊರಗೆ ಹೇಳಿದ್ದಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. 1981ರ ಆ ಕೈಪಿಡಿ ಅಚ್ಚಾಗದೇ ಹೋಗಿದ್ದರೆ ಬೋರ್ಡೊಂದನ್ನೇ ಬದಲಿಸುವ ಯೋಚನೆಯೂ ನನಗೆ ಬರುತ್ತಿರಲಿಲ್ಲವೇನೋ.

ರಾತ್ರಿ ಯಂತ್ರ ಎದ್ದಿತು. ಭಾಷೆಯ ಪಟ್ಟಿಯಲ್ಲಿ ಕನ್ನಡ ಹುಡುಕಿದೆ. ಕೀಲಿಮಣೆಗಳ ನಡುವೆ 'ಕಗಪ' ಎಂಬ ಹೆಸರಿತ್ತು, ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾಯರು ರೂಪಿಸಿದ ಅದೇ ವಿನ್ಯಾಸ. ಅದನ್ನು ಒತ್ತಿ ಮೊದಲು ಊರಿನ ಹೆಸರು ಬರೆದೆ. ಒತ್ತಕ್ಷರಗಳೆಲ್ಲ ತಮ್ಮ ಜಾಗದಲ್ಲಿ ಕೂತವು.