ರಾತ್ರಿ ಪಾಳಿಯನ್ನು ಹಂಚಿಕೊಂಡ ಕುಟುಂಬ ವೈದ್ಯರು: ನೆದರ್ಲೆಂಡ್ಸ್‌ನ ಸಹಕಾರಿ ವ್ಯವಸ್ಥೆ

ನೆದರ್ಲೆಂಡ್ಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲುಭಾಗಕ್ಕಿಂತಲೂ ಚಿಕ್ಕದು. ಜನಸಂಖ್ಯೆ ಸುಮಾರು 1.8 ಕೋಟಿ. ಅಲ್ಲಿನ ಬಹುತೇಕ ಪ್ರತಿಯೊಬ್ಬ ನಿವಾಸಿಯ ಹೆಸರೂ ಒಬ್ಬ ಕುಟುಂಬ ವೈದ್ಯರಲ್ಲಿ ನೋಂದಣಿಯಾಗಿರುತ್ತದೆ. ಡಚ್ ಭಾಷೆಯಲ್ಲಿ ಈ ವೈದ್ಯರಿಗಿರುವ ಹೆಸರಿನ ಅರ್ಥವೇ ‘ಮನೆ ವೈದ್ಯ’ ಎಂದು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಆಸ್ಪತ್ರೆಯ ತಜ್ಞರನ್ನು ಕಾಣಲು ಇವರ ಶಿಫಾರಸು ಪತ್ರ ಬೇಕು. ಇಂತಹ ಹೊಣೆ ಹೊತ್ತವರು ರಾತ್ರಿ ವೇಳೆಯಲ್ಲಿ ರೋಗಿಗಳಿಗೆ ದೊರೆಯುವುದು ಹೇಗೆ? ಈ ಪ್ರಶ್ನೆಗೆ ಅಲ್ಲಿನ ವೈದ್ಯರು ಕಂಡುಕೊಂಡ ಉತ್ತರವೇ ಪ್ರಾದೇಶಿಕ ಸಹಕಾರಿ ಕೇಂದ್ರ.

ಹಿನ್ನೆಲೆ

ಡಚ್ ಕುಟುಂಬ ವೈದ್ಯರ ವೃತ್ತಿಸಂಘ 1946ರಲ್ಲಿಯೂ ಅವರ ವೈಜ್ಞಾನಿಕ ಸಂಸ್ಥೆ 1956ರಲ್ಲಿಯೂ ಸ್ಥಾಪನೆಯಾದವು. ಎರಡನೆಯದು 1989ರಿಂದ ಚಿಕಿತ್ಸಾ ಮಾರ್ಗಸೂಚಿಗಳನ್ನು ಪ್ರಕಟಿಸುತ್ತ ಬಂದಿದೆ. ಅವುಗಳಲ್ಲಿ ಮೊದಲನೆಯದು ಮಧುಮೇಹ ಕುರಿತದ್ದು. ಆದರೆ ರಾತ್ರಿಯ ಕರೆಗಳ ಹೊರೆ ಬಹುಕಾಲ ಹಾಗೆಯೇ ಉಳಿಯಿತು. ನೆರೆಹೊರೆಯ ಆರೆಂಟು ವೈದ್ಯರು ಸೇರಿ ಸರದಿಯಂತೆ ಎಚ್ಚರವಿರುತ್ತಿದ್ದರು. ಇಡೀ ರಾತ್ರಿ ದುಡಿದವರೇ ಮರುಬೆಳಿಗ್ಗೆ ಚಿಕಿತ್ಸಾಲಯದಲ್ಲಿ ಕೂರಬೇಕಾಗುತ್ತಿತ್ತು. ದಣಿವು ಹೆಚ್ಚಿದಂತೆ ಅಸಮಾಧಾನವೂ ಬೆಳೆಯಿತು. 2000ನೇ ಇಸವಿಯ ಆಸುಪಾಸಿನಲ್ಲಿ ಈ ಸಣ್ಣ ಗುಂಪುಗಳು ದೊಡ್ಡ ಸಹಕಾರಿ ಸಂಸ್ಥೆಗಳಾಗಿ ಒಗ್ಗೂಡಿದವು. ಕೆಲವೇ ವರ್ಷಗಳಲ್ಲಿ ದೇಶದ ಬಹುಭಾಗಕ್ಕೆ ಈ ವ್ಯವಸ್ಥೆ ಹಬ್ಬಿತು.

ಕೇಂದ್ರದ ಸ್ವರೂಪ

ಒಂದೊಂದು ಸಂಸ್ಥೆಯಲ್ಲಿ ಸಾಮಾನ್ಯವಾಗಿ 50ರಿಂದ 250 ವೈದ್ಯರಿದ್ದು, 1 ಲಕ್ಷದಿಂದ 5 ಲಕ್ಷ ಜನರಿಗೆ ಸೇವೆ ಸಲ್ಲಿಸುತ್ತಾರೆ. ಕೆಲಸದ ದಿನಗಳಲ್ಲಿ ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ, ವಾರಾಂತ್ಯ ಮತ್ತು ರಜಾದಿನಗಳಲ್ಲಿ ಹಗಲಿರುಳೂ ಕೇಂದ್ರ ತೆರೆದಿರುತ್ತದೆ. ಹಲವು ಕೇಂದ್ರಗಳು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಪಕ್ಕದಲ್ಲಿಯೇ ಇವೆ.

ರೋಗಿ ಮೊದಲು ದೂರವಾಣಿ ಕರೆ ಮಾಡಬೇಕು. ತರಬೇತಿ ಪಡೆದ ಸಹಾಯಕಿಯರು ಲಕ್ಷಣಗಳನ್ನು ವಿಚಾರಿಸಿ, ತುರ್ತಿನ ಪ್ರಮಾಣವನ್ನು 0ಯಿಂದ 5ರವರೆಗಿನ ಶ್ರೇಣಿಯಲ್ಲಿ ಗುರುತಿಸುತ್ತಾರೆ. ಸೊನ್ನೆಯೆಂದರೆ ಉಸಿರು ಅಥವಾ ಹೃದಯ ನಿಂತ ಸ್ಥಿತಿ. ಐದೆಂದರೆ ಸಲಹೆಯಷ್ಟೇ ಸಾಕು. ಅವರ ಮೇಲ್ವಿಚಾರಣೆಗೆ ಒಬ್ಬ ವೈದ್ಯರಿರುತ್ತಾರೆ. ಬಳಿಕ ದೂರವಾಣಿಯಲ್ಲೇ ಸಲಹೆ, ಕೇಂದ್ರದಲ್ಲಿ ತಪಾಸಣೆ, ಇಲ್ಲವೇ ಮನೆಭೇಟಿ, ಈ ಮೂರರಲ್ಲಿ ಒಂದನ್ನು ನಿರ್ಧರಿಸಲಾಗುತ್ತದೆ. ಮನೆಭೇಟಿಗೆ ಆಮ್ಲಜನಕ ಮತ್ತಿತರ ಸಲಕರಣೆಗಳಿರುವ ಕಾರೂ ಅದಕ್ಕೊಬ್ಬ ಚಾಲಕನೂ ಸಿದ್ಧ. ಜೀವಾಪಾಯದ ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು ನಿಯಮ.

ಹಣದ ಲೆಕ್ಕವೂ ಈ ವ್ಯವಸ್ಥೆಗೆ ಪೂರಕವಾಗಿದೆ. 2006ರ ಆರೋಗ್ಯ ವಿಮಾ ಕಾಯಿದೆಯನ್ವಯ ವಿಮೆ ಕಡ್ಡಾಯ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ವಯಸ್ಕರು ವಾರ್ಷಿಕ ಮಿತಿಯವರೆಗೆ ಸ್ವಂತ ಹಣ ತೆರಬೇಕು. 2016ರಿಂದ 2025ರವರೆಗೆ ಈ ಮಿತಿ 385 ಯೂರೊ ಇತ್ತು. ಕುಟುಂಬ ವೈದ್ಯರ ಸೇವೆಗೆ ಈ ವಂತಿಗೆಯಿಲ್ಲ. ಸಣ್ಣಪುಟ್ಟ ತೊಂದರೆಗೆ ಜನ ಆಸ್ಪತ್ರೆಗೆ ನುಗ್ಗದಿರಲು ಇದೂ ಒಂದು ಕಾರಣ.

ಹಗಲಿನ ಸಂಘಟನೆ

ಒಗ್ಗಟ್ಟು ರಾತ್ರಿ ಸೇವೆಗಷ್ಟೇ ಸೀಮಿತವಾಗಲಿಲ್ಲ. ದೀರ್ಘಕಾಲದ ಕಾಯಿಲೆಗಳ ಆರೈಕೆಗಾಗಿ ಒಂದು ಪ್ರದೇಶದ ವೈದ್ಯರು ‘ಆರೈಕೆ ಗುಂಪು’ಗಳನ್ನು ರಚಿಸಿಕೊಂಡರು. 2007ರಲ್ಲಿ ಮಧುಮೇಹಕ್ಕೆ ಪ್ರಾಯೋಗಿಕವಾಗಿ ಆರಂಭವಾದ ಪದ್ಧತಿಯಂತೆ, ಗುಂಪು ವಿಮಾ ಕಂಪನಿಯೊಂದಿಗೆ ಒಬ್ಬ ರೋಗಿಗೆ ಇಂತಿಷ್ಟು ಎಂಬ ಒಟ್ಟು ದರವನ್ನು ಗೊತ್ತುಮಾಡುತ್ತದೆ. ವೈದ್ಯರು, ಆಹಾರತಜ್ಞರು ಮುಂತಾದವರ ಸೇವೆಯನ್ನು ಆ ಮೊತ್ತದಲ್ಲಿ ಒದಗಿಸುವ ಹೊಣೆ ಗುಂಪಿನದು.

ಬಗೆಹರಿಯದ ಪ್ರಶ್ನೆಗಳು

ಈ ಏರ್ಪಾಡಿನಲ್ಲಿ ಕಳೆದುಕೊಂಡದ್ದೂ ಇದೆ. ಹಗಲಿನಲ್ಲಿ ರೋಗಿಯ ಮನೆತನವನ್ನೇ ಬಲ್ಲ ವೈದ್ಯರಿದ್ದರೆ, ರಾತ್ರಿ ಎದುರಾಗುವುದು ಅಪರಿಚಿತ ಮುಖ. ರೋಗಿ ಒಪ್ಪಿಗೆ ನೀಡಿದ್ದಲ್ಲಿ ಅವರ ದಾಖಲೆಯ ಸಾರಾಂಶವನ್ನು ಪಾಳಿಯ ವೈದ್ಯರು ನೋಡಬಹುದು. ಚಿಕಿತ್ಸೆಯ ವರದಿ ಬಳಿಕ ಸ್ವಂತ ವೈದ್ಯರಿಗೆ ತಲುಪುತ್ತದೆ. ಆದರೂ ದಾಖಲೆ ಪರಿಚಯಕ್ಕೆ ಸಮನಲ್ಲ. ಕಣ್ಣಾರೆ ಕಾಣದ ರೋಗಿಯ ಸ್ಥಿತಿಯನ್ನು ದನಿಯಿಂದಲೇ ಅಳೆಯುವಾಗ ತಪ್ಪುವ ಸಂಭವವೂ ಇದ್ದೇ ಇದೆ.

ಹೊರೆಯ ಹಂಚಿಕೆಯೂ ವಿವಾದಕ್ಕೆ ಎಡೆಮಾಡಿತು. ಪಾಳಿಯ ಕಡ್ಡಾಯ ಸ್ವಂತ ಚಿಕಿತ್ಸಾಲಯ ಹೊಂದಿದವರ ಮೇಲಿತ್ತು. ಬದಲಿ ವೈದ್ಯರಾಗಿ ದುಡಿಯುವವರ ಸಂಖ್ಯೆ ಏರಿದಂತೆ ಉಳಿದವರ ಪಾಲು ಭಾರವಾಯಿತು. 2022ರ ಜುಲೈ 1ರಂದು ಕುಟುಂಬ ವೈದ್ಯರು ಹೇಗ್ ನಗರದ ಮಾಲಿವೆಲ್ಡ್ ಮೈದಾನದಲ್ಲಿ ಸೇರಿ ಪ್ರತಿಭಟಿಸಿದರು. ರೋಗಿಗಳಿಗೆ ಹೆಚ್ಚು ಸಮಯ, ರಾತ್ರಿ-ವಾರಾಂತ್ಯದ ಪಾಳಿಯ ಹೊರೆ ತಗ್ಗಿಸುವುದು ಅವರ ಬೇಡಿಕೆಗಳಲ್ಲಿ ಸೇರಿದ್ದವು.

ವೈದ್ಯರ ದಣಿವನ್ನು ನೀಗಲೆಂದು ಹುಟ್ಟಿದ ವ್ಯವಸ್ಥೆ ಎರಡು ದಶಕಗಳ ನಂತರ ಅದೇ ದೂರನ್ನು ಎದುರಿಸಿತು. ಸಹಕಾರದಿಂದ ಹೊರೆ ಹಂಚಿಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹೆಗಲು ಕೊಡುವವರ ಸಂಖ್ಯೆ ಕುಗ್ಗದಂತೆ ನೋಡಿಕೊಂಡಾಗ ಮಾತ್ರ ಅದು ಉಳಿದೀತು.