ಮೌತ್ ಆರ್ಗನ್ ಅಭ್ಯಾಸದ ತಂತ್ರಾಂಶಗಳು

ಮೌತ್ ಆರ್ಗನ್ ಅಭ್ಯಾಸದ ತಂತ್ರಾಂಶಗಳು ಎಂದರೆ ಮೌತ್ ಆರ್ಗನ್ (ಹಾರ್ಮೋನಿಕಾ) ಕಲಿಯುವವರು ತಮ್ಮ ಸ್ವರಶುದ್ಧಿ ಮತ್ತು ಲಯವನ್ನು ಪರೀಕ್ಷಿಸಿಕೊಳ್ಳಲು ಬಳಸುವ ಕಂಪ್ಯೂಟರ್ ಪ್ರೋಗ್ರಾಂಗಳು. ವೀಣೆ, ಕೊಳಲು ಮೊದಲಾದ ವಾದ್ಯಗಳಲ್ಲಿ ಬೆರಳಿನ ಚಲನೆಯನ್ನು ಗುರು ನೋಡಿ ತಿದ್ದಬಹುದು. ಮೌತ್ ಆರ್ಗನ್‌ನಲ್ಲಿ ಸ್ವರವನ್ನು ರೂಪಿಸುವ ನಾಲಿಗೆಯ ಚಲನೆ ಬಾಯಿಯೊಳಗೆ ನಡೆಯುವುದರಿಂದ ಅದು ಯಾರಿಗೂ ಕಾಣುವುದಿಲ್ಲ. ಅದರ ಫಲವಾದ ಸ್ವರವನ್ನು ಪರದೆಯ ಮೇಲೆ ತೋರಿಸುವುದೇ ಈ ತಂತ್ರಾಂಶಗಳ ಮುಖ್ಯ ಉಪಯೋಗ.

ಹಿನ್ನೆಲೆ

ಮೌತ್ ಆರ್ಗನ್ ಮುಕ್ತ ರೀಡ್ ವಾದ್ಯಗಳ ಗುಂಪಿಗೆ ಸೇರಿದೆ. ಅಕಾರ್ಡಿಯನ್, ಹಾಗೂ ಉಡುಪಿ ಪರಿಸರದ ಯಕ್ಷಗಾನ ಹಿಮ್ಮೇಳದಲ್ಲಿ ಶ್ರುತಿಗೆ ಬಳಕೆಯಾದ ಹಾರ್ಮೋನಿಯಂ ಕೂಡ ಇದೇ ಗುಂಪಿನವು. ಜರ್ಮನಿಯ ಟ್ರಾಸಿಂಗನ್‌ನಲ್ಲಿ ಮಥಿಯಾಸ್ ಹೋನರ್ 1857ರಲ್ಲಿ ಆರಂಭಿಸಿದ ಸಂಸ್ಥೆಯಿಂದ ಈ ವಾದ್ಯ ಜಗತ್ತಿನಾದ್ಯಂತ ಹರಡಿತು. ಭಾರತದಲ್ಲಿ ಇದನ್ನು ಜನಪ್ರಿಯಗೊಳಿಸಿದ್ದು ಚಲನಚಿತ್ರ ಸಂಗೀತ. 1964ರ 'ದೋಸ್ತಿ' ಚಿತ್ರಕ್ಕೆ ಆರ್. ಡಿ. ಬರ್ಮನ್ ಮೌತ್ ಆರ್ಗನ್ ನುಡಿಸಿದ್ದರು. ಕರ್ನಾಟಕದ ರಾಮನಗರದಲ್ಲಿ ಚಿತ್ರೀಕರಣಗೊಂಡ 'ಶೋಲೆ' (1975) ಚಿತ್ರದ ಪ್ರಸಿದ್ಧ ಮೌತ್ ಆರ್ಗನ್ ನಾದವನ್ನು ನುಡಿಸಿದವರು ಭಾನು ಗುಪ್ತ.

ಸಾಧನದ ನೆರವಿನಿಂದ ಸಂಗೀತಾಭ್ಯಾಸ ಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ, ರೇಡೆಲ್ ಸಂಸ್ಥೆಯ ಸ್ಥಾಪಕ ಜಿ. ರಾಜ್ ನಾರಾಯಣ್ 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ಕಂಪ್ಯೂಟರ್ ಮತ್ತು ಮೊಬೈಲ್ ಫೋನ್‌ಗಳಲ್ಲಿ ತಂಬೂರಿ, ತಾಳ ಹಾಗೂ ಸ್ವರಮಾಪಕಗಳು ಒಟ್ಟಿಗೆ ದೊರೆಯುತ್ತವೆ.

ವಾದ್ಯದ ಸ್ವರವಿನ್ಯಾಸ

ಹತ್ತು ರಂಧ್ರಗಳ ಡಯಟೋನಿಕ್ ಮೌತ್ ಆರ್ಗನ್‌ನಲ್ಲಿ ಪ್ರತಿ ರಂಧ್ರಕ್ಕೂ ಎರಡು ರೀಡ್‌ಗಳಿರುತ್ತವೆ. ಊದಿದಾಗ ಒಂದು, ಉಸಿರನ್ನು ಒಳಗೆಳೆದಾಗ ಇನ್ನೊಂದು ನುಡಿಯುತ್ತದೆ. ಸಿ ಶ್ರುತಿಯ ವಾದ್ಯದಲ್ಲಿ ನಾಲ್ಕನೆಯ ರಂಧ್ರದ ಊದುಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಮಧ್ಯಸ್ಥಾಯಿಯ ಸ್ವರಗಳು ಹೀಗೆ ಬರುತ್ತವೆ:

ಸ – 4 ಊದು
ರಿ – 4 ಎಳೆ
ಗ – 5 ಊದು
ಮ – 5 ಎಳೆ
ಪ – 6 ಊದು
ಧ – 6 ಎಳೆ
ನಿ – 7 ಎಳೆ
ತಾರ ಸ – 7 ಊದು

ಇವು ಶಂಕರಾಭರಣದ ಸ್ವರಗಳು. ಇವುಗಳಲ್ಲಿ ಮಧ್ಯಮ, ನಿಷಾದಗಳನ್ನು ಬಿಟ್ಟರೆ ಮೋಹನದ ಸ್ವರಗಳು ಉಳಿಯುತ್ತವೆ. ಕೆಳಸ್ಥಾಯಿಯಲ್ಲಿ ಮಧ್ಯಮ ಮತ್ತು ಧೈವತಗಳಿಗೆ ಪ್ರತ್ಯೇಕ ರೀಡ್ ಇಲ್ಲ. ಅವನ್ನು ಕ್ರಮವಾಗಿ ಎರಡನೆಯ ಮತ್ತು ಮೂರನೆಯ ರಂಧ್ರಗಳ ಎಳೆಸ್ವರಗಳನ್ನು ಬಗ್ಗಿಸಿ ಪಡೆಯಬೇಕು. ನಾಲಿಗೆಯ ಸ್ಥಾನವನ್ನು ಬದಲಿಸಿ ಸ್ವರವನ್ನು ಇಳಿಸುವ ಈ ಕ್ರಿಯೆಗೆ 'ಬೆಂಡಿಂಗ್' ಎಂದು ಹೆಸರು. ಮೂರನೆಯ ರಂಧ್ರದ ಎಳೆಸ್ವರದ ಆವರ್ತನ ಸುಮಾರು 494 ಹರ್ಟ್ಸ್. ಧೈವತಕ್ಕಾಗಿ ಅದನ್ನು 440 ಹರ್ಟ್ಸ್‌ಗೆ ಇಳಿಸಬೇಕು. ಇನ್ನೂ ಇಳಿಸಿದರೆ 415 ಹರ್ಟ್ಸ್ ಬಳಿಯ ಶುದ್ಧ ಧೈವತವೂ ದೊರೆಯುತ್ತದೆ. ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಸುವ ಗುರುತು ವಾದ್ಯದ ಮೇಲೆ ಇಲ್ಲ.

ಕಾರ್ಯವಿಧಾನ

ಮೈಕ್ರೊಫೋನ್ ಹಿಡಿದ ಧ್ವನಿಯನ್ನು ಕಂಪ್ಯೂಟರ್ ಸಂಖ್ಯೆಗಳಾಗಿ ಪರಿವರ್ತಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳನ್ನು ತೆಗೆಯುವುದು ರೂಢಿ. ಅಲೆಯ ಆಕಾರ ಎಷ್ಟು ಕಾಲಕ್ಕೊಮ್ಮೆ ಮರುಕಳಿಸುತ್ತದೆ ಎಂಬುದನ್ನು ಲೆಕ್ಕಹಾಕಿ ತಂತ್ರಾಂಶವು ಆವರ್ತನವನ್ನು ಕಂಡುಹಿಡಿಯುತ್ತದೆ, ಬಳಿಕ ಹತ್ತಿರದ ಸ್ವರವನ್ನೂ ಅದರಿಂದ ಆದ ವ್ಯತ್ಯಾಸವನ್ನೂ ತೋರಿಸುತ್ತದೆ. ವ್ಯತ್ಯಾಸದ ಮಾನ 'ಸೆಂಟ್'. ಒಂದು ಸ್ಥಾಯಿಗೆ 1200 ಸೆಂಟ್‌ಗಳು, ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ 100 ಸೆಂಟ್‌ಗಳು.

ಹಾಡನ್ನು ಕೇಳಿ ಕಲಿಯುವವರಿಗೆ ವೇಗ ತಗ್ಗಿಸುವ ಸೌಲಭ್ಯ ಉಪಯುಕ್ತ. ಹಳೆಯ ಟೇಪನ್ನು ಅರ್ಧ ವೇಗದಲ್ಲಿ ಓಡಿಸಿದರೆ ಶ್ರುತಿಯೂ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಶ್ರುತಿ ಕೆಡದಂತೆ ವೇಗವನ್ನಷ್ಟೇ ಬದಲಿಸುವ ಗಣನವಿಧಾನಗಳಲ್ಲಿ ಒಂದಾದ 'ಫೇಸ್ ವೊಕೋಡರ್' ಅನ್ನು ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಪ್ರಕಟಿಸಿದರು. 2000ರಲ್ಲಿ ಬಿಡುಗಡೆಯಾದ ಮುಕ್ತ ತಂತ್ರಾಂಶ ಆಡಾಸಿಟಿಯಲ್ಲಿ ಧ್ವನಿಮುದ್ರಣ, ಶ್ರುತಿ ಕೆಡದ ವೇಗಬದಲಾವಣೆ, ಆಯ್ದ ಭಾಗದ ಪುನರಾವರ್ತನೆ ಮತ್ತು ತಾಳದ ಬಡಿತ ಒಂದೇ ಕಡೆ ಲಭ್ಯವಿವೆ. ಸ್ವರದ ಏರಿಳಿತವನ್ನು ಗೆರೆಯಾಗಿ ನೋಡಲು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಾಟ್ ತಂತ್ರಾಂಶವನ್ನು ಬಳಸಬಹುದು.

ಅಭ್ಯಾಸದ ಕ್ರಮ

ಮೊದಲ ಹಂತ ಒಂದು ರಂಧ್ರವನ್ನಷ್ಟೇ ನುಡಿಸುವುದು. ತುಟಿಗಳ ಹಿಡಿತ ಸಡಿಲವಾಗಿ ಪಕ್ಕದ ರಂಧ್ರಕ್ಕೂ ಗಾಳಿ ಹೋದರೆ ಎರಡು ಸ್ವರಗಳು ಬೆರೆತು ಸ್ವರಮಾಪಕದ ಮುಳ್ಳು ಅತ್ತಿತ್ತ ಜಿಗಿಯುತ್ತದೆ. ಮುಳ್ಳು ಸ್ಥಿರವಾದ ಬಳಿಕ ಷಡ್ಜದ ತಂಬೂರಿಯನ್ನು ಇಯರ್‌ಫೋನಿನಲ್ಲಿ ಕೇಳುತ್ತ ದೀರ್ಘಸ್ವರಗಳನ್ನು ನುಡಿಸುವುದು, ಅನಂತರ ಬೆಂಡಿಂಗ್ ಅಭ್ಯಾಸ ಮಾಡುವುದು ಅನುಕೂಲಕರ ಕ್ರಮ. ತಂಬೂರಿಯ ನಾದ ಸ್ಪೀಕರಿನಿಂದ ಬಂದರೆ ಮೈಕ್ರೊಫೋನ್ ಅದನ್ನೂ ಹಿಡಿದು ಅಳತೆ ಕೆಡುತ್ತದೆ. ತಾಳದೊಂದಿಗೆ ನುಡಿಸುವಾಗ ತಂತಿಯಿರುವ ಇಯರ್‌ಫೋನ್ ಒಳ್ಳೆಯದು, ಏಕೆಂದರೆ ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ಕೇಳಿಸುತ್ತದೆ.

ಕರ್ನಾಟಕ ಸಂಗೀತದ ಪಾಠ ಪುರಂದರದಾಸರ ಸಂಪ್ರದಾಯದಂತೆ ಮಾಯಾಮಾಳವಗೌಳದ ಸರಳೆ ವರಸೆಯಿಂದ ಆರಂಭವಾಗುತ್ತದೆ. ಆದರೆ ಆ ರಾಗದ ಶುದ್ಧ ರಿಷಭ ಮತ್ತು ಶುದ್ಧ ಧೈವತಗಳು ಹತ್ತು ರಂಧ್ರಗಳ ವಾದ್ಯದ ಮಧ್ಯಸ್ಥಾಯಿಯಲ್ಲಿ 4 ಮತ್ತು 6ನೆಯ ಎಳೆಸ್ವರಗಳ ಬೆಂಡಿಂಗ್‌ನಿಂದಷ್ಟೇ ಬರುತ್ತವೆ. ಆದ್ದರಿಂದ ಹೊಸಬರು ವರಸೆಗಳನ್ನು ಮೊದಲು ಶಂಕರಾಭರಣದ ಸ್ವರಗಳಲ್ಲಿ ನುಡಿಸುವುದು ಸುಲಭ. ಗುಂಡಿ ಒತ್ತಿದಾಗ ಅರ್ಧಸ್ವರ ಏರುವ ಕ್ರೊಮ್ಯಾಟಿಕ್ ಮೌತ್ ಆರ್ಗನ್‌ನಲ್ಲಿ ಈ ತೊಡಕಿಲ್ಲ.

ಮಿತಿಗಳು

ಸಾಮಾನ್ಯ ಸ್ವರಮಾಪಕಗಳು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಅಳೆಯುತ್ತವೆ. ತಂಬೂರಿಯ ನಾದಕ್ಕೆ ಪೂರ್ತಿ ಹೊಂದುವ ಅಂತರ ಗಾಂಧಾರ ಈ ಅಳತೆಗಿಂತ ಸುಮಾರು 14 ಸೆಂಟ್ ತಗ್ಗಿನಲ್ಲಿದೆ. ಕೆಲವು ಮೌತ್ ಆರ್ಗನ್‌ಗಳನ್ನು ತಯಾರಕರೇ ಹಾಗೆ ಶ್ರುತಿ ಮಾಡಿರುತ್ತಾರೆ. ಹಾಗಾಗಿ ಮುಳ್ಳು ಎಡಕ್ಕೆ ವಾಲಿದ್ದೆಲ್ಲ ಅಪಸ್ವರವಲ್ಲ. ಅದನ್ನು ನಡುವಿಗೆ ತರಲು ಬಲವಾಗಿ ಊದಿದರೆ ಸ್ವರ ಕೆಡುವುದಲ್ಲದೆ ರೀಡ್ ಬೇಗ ಸವೆಯುತ್ತದೆ. ಟ್ರೆಮೊಲೊ ವಾದ್ಯಗಳಲ್ಲಿ ಒಂದೇ ಸ್ವರಕ್ಕೆ ತುಸು ಭಿನ್ನ ಶ್ರುತಿಯ ಎರಡು ರೀಡ್‌ಗಳಿರುತ್ತವೆ. ಅವು 440 ಮತ್ತು 444 ಹರ್ಟ್ಸ್‌ನಲ್ಲಿದ್ದರೆ ನಾದ ಸೆಕೆಂಡಿಗೆ ನಾಲ್ಕು ಬಾರಿ ತೂಗುತ್ತದೆ, ಮುಳ್ಳು ಸ್ಥಿರವಾಗಿ ನಿಲ್ಲದೆ ಹೋಗಬಹುದು. ಗಮಕಗಳಲ್ಲಿ ಸ್ವರ ಚಲಿಸುತ್ತಲೇ ಇರುವುದರಿಂದ ಒಂದು ಬಿಂದುವಿನ ಅಳತೆಗೆ ಅರ್ಥ ಕಡಿಮೆ, ಅಲ್ಲಿ ಗೆರೆಯ ಆಕಾರವನ್ನು ನೋಡಬೇಕು.

ಸ್ವರ ತಪ್ಪಿದೆ ಎಂಬುದನ್ನು ತಂತ್ರಾಂಶ ಹೇಳುತ್ತದೆ, ಏಕೆ ತಪ್ಪಿತೆಂದು ಹೇಳುವುದಿಲ್ಲ. ಗಂಟಲು ಬಿಗಿಯಾಗಿದೆಯೇ, ಉಸಿರು ಹೊಟ್ಟೆಯಿಂದ ಬರುತ್ತಿದೆಯೇ ಎಂಬುದನ್ನು ಗುರು ಅಥವಾ ಕಲಿಯುವವರೇ ಗಮನಿಸಬೇಕು. ಕಣ್ಣು ಮುಳ್ಳನ್ನೇ ಅವಲಂಬಿಸಿದರೆ ಕಿವಿಯ ಅಭ್ಯಾಸ ಹಿಂದುಳಿಯುತ್ತದೆ. ಇದನ್ನು ತಪ್ಪಿಸಲು ಪರದೆಯನ್ನು ನೋಡದೆ ನುಡಿಸಿ ಮುದ್ರಿಸಿಕೊಂಡು, ಮೊದಲು ಕಿವಿಯಿಂದ ಪರೀಕ್ಷಿಸಿ, ಕೊನೆಗೆ ಅಳತೆಯೊಡನೆ ಹೋಲಿಸುವ ವಿಧಾನವನ್ನು ಅನುಸರಿಸಬಹುದು.