ಗುಡ್ಡದ ಮೇಲೆ ಪಾಠ, ಮಂಗಳೂರಿನಲ್ಲಿ ಆಸ್ಪತ್ರೆ

ಮಣಿಪಾಲದ ಮೊದಲ ಮೆಡಿಕಲ್ ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿತದ್ದು ಒಂದೂರಿನಲ್ಲಿ, ರೋಗಿಯ ನಾಡಿ ಹಿಡಿದು ಕಲಿತದ್ದು ಇನ್ನೊಂದೂರಿನಲ್ಲಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಉಡುಪಿ ಪಕ್ಕದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಅಲ್ಲಿ ದೊಡ್ಡ ಆಸ್ಪತ್ರೆಯೇ ಇರಲಿಲ್ಲ. ಅಂಗರಚನೆ, ಶರೀರಕ್ರಿಯೆಯ ಪಾಠ ಮುಗಿಸಿದವರು ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿ, ವೆನ್ಲಾಕ್ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿಯಬೇಕಿತ್ತು. ಮಣಿಪಾಲದಲ್ಲೇ ಕಸ್ತೂರ್ಬಾ ಆಸ್ಪತ್ರೆ ಎದ್ದದ್ದು 1961ರಲ್ಲಿ.

ಆಸ್ಪತ್ರೆ ಆಗುವವರೆಗೆ ಕಾಯದೆ, ಇದ್ದದ್ದನ್ನೇ ಹೊಂದಿಸಿಕೊಂಡು ಶುರುಮಾಡಿದ್ದೇ ಪೈಗಳ ದೊಡ್ಡತನ. ಸ್ವತಃ ವೈದ್ಯರಾದ ಅವರು 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದವರಲ್ಲೊಬ್ಬರು. 1928ರಲ್ಲಿ ಆ ಬ್ಯಾಂಕು ತಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೆ ದಿನವೂ ಹೋಗಿ ಎರಡಾಣೆಯನ್ನೂ ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದರು. ಇಷ್ಟಿಷ್ಟೇ ಕೂಡಿಸಿ ದೊಡ್ಡದನ್ನು ಕಟ್ಟಬಹುದು ಎಂಬ ಅದೇ ಧೈರ್ಯದಿಂದ ಕಾಲೇಜನ್ನೂ ಕಟ್ಟಿದರು.

ಆಗ ಮಣಿಪಾಲವಿದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಕಾಲೇಜು ಸೇರಿಕೊಂಡದ್ದು ಮಾತ್ರ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಕರ್ನಾಟಕದ ಏಕೀಕರಣಕ್ಕೆ ಮೂರು ವರ್ಷ ಮೊದಲೇ ಕನ್ನಡದ ಎರಡು ತುಂಡು ಸೀಮೆಗಳನ್ನು ಒಂದು ಕಾಲೇಜು ಬೆಸೆದಿತ್ತು ಎಂಬುದನ್ನು ಮರೆಯಬಾರದು.

ಮುಂದೆ ಮಣಿಪಾಲದಲ್ಲಿ ಬೇರೆ ಕಾಲೇಜುಗಳು ಒಂದರ ಹಿಂದೊಂದು ಬಂದವು: 1957ರಲ್ಲಿ ಎಂಜಿನಿಯರಿಂಗ್, 1963ರಲ್ಲಿ ಫಾರ್ಮಸಿ, 1965ರಲ್ಲಿ ದಂತವೈದ್ಯ, 1986ರಲ್ಲಿ ಹೋಟೆಲ್ ಆಡಳಿತ. 1993ರಲ್ಲಿ ಮಣಿಪಾಲದ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು.

ಆದರೆ ಮಣಿಪಾಲದಂತೆ ವಿದ್ಯಾರ್ಥಿಗಳ ದುಡ್ಡಿನಿಂದಲೇ ನಡೆಯುವ ಕಾಲೇಜಿನ ಮಾದರಿ ನಾಡಿನ ತುಂಬ ಹಬ್ಬಿದಾಗ ಸೀಟಿನ ಬೆಲೆಯೂ ಏರಿತು. ಸೀಟಿಗಾಗಿ ಗೊತ್ತಾದ ಶುಲ್ಕದ ಮೇಲೆ ಕೇಳುವ ಹಣವಾದ ಕ್ಯಾಪಿಟೇಶನ್ ಶುಲ್ಕವನ್ನು 1984ರಲ್ಲಿ ಕರ್ನಾಟಕ ಕಾನೂನಿನಿಂದ ನಿಷೇಧಿಸಿತು. ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ತೀರ್ಪಿತ್ತು, ಅನುದಾನವಿಲ್ಲದ ಖಾಸಗಿ ಸಂಸ್ಥೆಗಳು ಶುಲ್ಕ ಗೊತ್ತುಮಾಡಬಹುದು, ಆದರೆ ಲಾಭಕೋರತನವೂ ಕ್ಯಾಪಿಟೇಶನ್ನೂ ಕೂಡದು ಎಂದಿತು. ಬಡವರ ಮನೆಯ ಮಗುವಿಗೆ ಸೀಟು ಹೇಗೆ ದಕ್ಕಬೇಕು ಎಂಬ ಪ್ರಶ್ನೆ ಅಲ್ಲಿಗೆ ತೀರಲಿಲ್ಲ. 2003ರಲ್ಲಿ, 2005ರಲ್ಲಿ ಮತ್ತೆ ಅದೇ ಕೋರ್ಟಿನ ಮುಂದೆ ಬಂತು.

ಅಷ್ಟರಲ್ಲಿ ಒಂದೂರಿನಲ್ಲಿ ಪಾಠ, ಇನ್ನೊಂದೂರಿನಲ್ಲಿ ವಾರ್ಡು ಎಂಬ ಹಳೆಯ ಉಪಾಯ ಕಡಲನ್ನೂ ದಾಟಿತ್ತು. 1997ರಲ್ಲಿ ಶುರುವಾದ ಮೆಲಾಕಾ ಮಣಿಪಾಲ ಮೆಡಿಕಲ್ ಕಾಲೇಜಿನ ಮಲೇಷ್ಯಾದ ಹುಡುಗ ಹುಡುಗಿಯರು ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಓದಿ, ವಾರ್ಡಿನ ಪಾಠಕ್ಕೆ ತಮ್ಮ ದೇಶಕ್ಕೆ ಮರಳುತ್ತಿದ್ದರು.